ಕೊಡಗಿನ ಒಂದು ಕೋಳಿಗೂಡು

ಕಳೆದ ಮಾರ್ಗಶಿರಮಾಸದಲ್ಲಿ ನಮಗೆ ಕೊಡಗಿನ ಕಡೆಗೆ ಹೋಗುವ ಯೋಗವೊದಗಿತು. ಬಹುಕಾಲದ ಹಿಂದೆ ನಮ್ಮಲ್ಲಿ ಓದಿದ ಶಿಷ್ಯನೊಬ್ಬನು ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ ಹೊಸದಾಗಿ ಮನೆಯನ್ನು ಕಟ್ಟಿಸಿದ್ದನು. ಗೃಹಪ್ರವೇಶಕ್ಕೆ ನಾವು ಹೋಗಲಾಗಿರಲಿಲ್ಲ. ಆತನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು, “ಮೇಷ್ಟ್ರೇ, ಈಗ ವಿಶ್ರಾಂತಿಯಲ್ಲಿದ್ದೀರಿ, ಹದಿನೈದು ದಿನವಾದರೂ ಬಂದಿದ್ದು ಹೋಗಬೇಕು” ಎಂದು ಬಲವಂತಪಡಿಸಿದನು. ಶಿಷ್ಯನ ಮಾತನ್ನು ಮೀರಲಾರದೆ, ಒಂದು ಕಂಬಳಿಯನ್ನೂ ಎರಡು ಪುಸ್ತಕಗಳನ್ನೂ ಕಟ್ಟಿಕೊಂಡು ನಾವು ಮೈಸೂರಿನಿಂದ ಹೊರಟೆವು.

ದಾರಿಯು ಸುಮಾರು ೧೦೦ ಕಿಲೋಮೀಟರುಗಳಷ್ಟು. ಹುಣಸೂರು ಪಿರಿಯಾಪಟ್ಟಣಗಳ ಬಯಲಿನಲ್ಲಿ ಹೊಗೆಸೊಪ್ಪನ್ನು ಬೇಯಿಸುವ ಎತ್ತರವಾದ ಮನೆಗಳು ಅಲ್ಲಲ್ಲಿ ನಿಂತಿರುತ್ತವೆ. ಅದನ್ನು ದಾಟಿದರೆ, ೧೯೬೧ರ ಸುಮಾರಿನಿಂದ ಟಿಬೆಟ್ಟಿನ ಜನರು ನೆಲೆಯೂರಿರುವ ಬೈಲುಕುಪ್ಪೆಯು ಸಿಕ್ಕುವುದು. ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದೊಡನೆಯೇ ಬಯಲುಸೀಮೆಯು ಮುಗಿದು ನೆಲವು ಮೇಲಕ್ಕೇರಲಾರಂಭಿಸುತ್ತದೆ. ಕಾಫಿಯ ಗಿಡಗಳು, ಅವುಗಳಿಗೆ ನೆರಳು ಕೊಡುವ ಸಿಲ್ವರ್ ಮರಗಳು, ಆ ಮರಗಳನ್ನು ಅಪ್ಪಿಕೊಂಡ ಮೆಣಸಿನ ಬಳ್ಳಿಗಳು, ನಡುನಡುವೆ ಹಲಸು ಮತ್ತು ಕಿತ್ತಳೆ. ಕಾಫಿಯ ಹಣ್ಣು ಕೆಂಪೇರುತ್ತಿದ್ದ ಕಾಲವದು.

ಶಿಷ್ಯನ ಮನೆಯಲ್ಲಿ ಆತನ ಪತ್ನಿ, ಹತ್ತು ವರ್ಷದ ಮಗಳು ಹಾಗೂ ಎಪ್ಪತ್ತೈದು ದಾಟಿದ ತಾಯಿ ಇದ್ದರು. ಅವರು ಅರೆಭಾಷೆಯನ್ನಾಡುವ ಗೌಡ ಮನೆತನದವರು. ಅವರ ಹಳೆಯ ಮನೆಯು ಹಟ್ಟಿಹೊಳೆಯ ಕಡೆಯ ಬೆಟ್ಟದ ಇಳಿಜಾರಿನಲ್ಲಿತ್ತಂತೆ. ೨೦೧೮ನೆಯ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಮಳೆಗೆ ಕುಸಿದುದನ್ನು ವಾಚಕರು ಮರೆತಿರಲಾರರು. ಆ ಮಳೆಯಲ್ಲಿ ಮನೆಯ ಹಿಂದಿನ ಗುಡ್ಡವು ಬಿರುಕುಬಿಟ್ಟಿತು. ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಟುಬಂದು, ಕೆಲವು ವರ್ಷ ಬಾಡಿಗೆಯ ಮನೆಯಲ್ಲಿದ್ದು, ಈಗ ಸಮವಾದ ನೆಲದಲ್ಲಿ ಈ ಮನೆಯನ್ನು ಕಟ್ಟಿಕೊಂಡಿದ್ದಾರೆ.

ಹಳೆಯ ಮನೆಯಲ್ಲಿ ಕೋಳಿಗಳನ್ನು ಸಾಕುವುದು ಮುದುಕಿಯ ಕೆಲಸವಾಗಿತ್ತು. ಮೊಟ್ಟೆ ಮಾರಿದ ಹಣವು ಆಕೆಯದೇ. ಅದರಲ್ಲಿ ಯಾರೂ ಕೈಹಾಕುತ್ತಿರಲಿಲ್ಲ. ಹೊಸ ಮನೆಗೆ ಬಂದ ಮೇಲೆ ಆಕೆಯು ಏನನ್ನೂ ಕೇಳಲಿಲ್ಲ. ಕೋಳಿಯನ್ನು ಮಾತ್ರ ಕೇಳಿದಳು. ಮಗನು ಸಂತೋಷದಿಂದ ಸಂತೆಯಿಂದಲೂ ನೆಂಟರ ಮನೆಗಳಿಂದಲೂ ಹನ್ನೊಂದು ನಾಟಿಯ ಹೇಂಟೆಗಳನ್ನೂ ಒಂದು ಹುಂಜವನ್ನೂ ತಂದುಕೊಟ್ಟನು. ಅಷ್ಟೇ ಅಲ್ಲದೆ, ಹಿತ್ತಲಿನಲ್ಲಿ ಎಂಟು ಅಡಿ ಉದ್ದ, ಆರು ಅಡಿ ಅಗಲವಾದ ಗೂಡನ್ನೂ ಕಟ್ಟಿಸಿದನು. ಇಟ್ಟಿಗೆಯ ಗೋಡೆ, ತಗಡಿನ ಮಾಡು, ಹಲಗೆಯ ಬಾಗಿಲು, ಮೊಟ್ಟೆಯಿಡಲು ಸಾಲಾಗಿ ಮರದ ಪೆಟ್ಟಿಗೆಗಳು, ಕೂರಲು ಕಬ್ಬಿಣದ ಕೊಳವೆ. ನಾವು ಹೋದ ದಿನವೇ ಅದನ್ನು ನಮಗೆ ತೋರಿಸಿ, “ಹೇಗಿದೆ, ಮೇಷ್ಟ್ರೇ?” ಎಂದನು. ಎಷ್ಟೋ ಶಾಲೆಗಳಿಗೆ ಇಂತಹ ಕಟ್ಟಡವಿಲ್ಲವೆಂದು ನಾವು ಹೊಗಳಿದೆವು.

ಆದರೆ ಸಂಜೆಯಾಗುತ್ತಲೇ ಬೇರೆಯ ನೋಟವು ಕಂಡಿತು. ಆ ಕಾಲದಲ್ಲಿ ಅಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯನು ಮುಳುಗುತ್ತಾನೆ. ಅದಕ್ಕೆ ಅರ್ಧ ಗಂಟೆಯ ಮೊದಲೇ ಕೋಳಿಗಳು ಮೇಯುವುದನ್ನು ನಿಲ್ಲಿಸಿ, ಗೂಡಿನ ಬಾಗಿಲವರೆಗೆ ಬಂದು, ಕತ್ತನ್ನು ಚಾಚಿ ಒಳಗೆ ನೋಡಿ, ಹಿಂದಿರುಗಿ ಹಲಸಿನ ಮರದ ಬುಡಕ್ಕೆ ಹೋದವು. ಶಿಷ್ಯನು ಕೋಲು ಹಿಡಿದು ಒಂದು ಕಡೆಯಿಂದಲೂ, ಮಗಳು ಪೊರಕೆ ಹಿಡಿದು ಮತ್ತೊಂದು ಕಡೆಯಿಂದಲೂ ಅಟ್ಟಿಕೊಂಡು ಬಂದರು. ನಾಲ್ಕು ಒಳಹೊಕ್ಕರೆ ಮೂರು ಹೊರಬೀಳುವುವು. ಕೊನೆಗೆ ಏಳು ಗೂಡಿಗೆ ಸೇರಿದವು. ಐದು ಹಲಸಿನ ಕೊಂಬೆಯನ್ನೇರಿ ಕುಳಿತವು. ಪ್ರತಿದಿನವೂ ಹೀಗೆಯೇ ಎಂದು ಶಿಷ್ಯನ ಪತ್ನಿಯು ನಮಗೆ ಹೇಳಿದಳು.

ಅಂದಿನ ರಾತ್ರಿ ಎರಡು ಗಂಟೆಯ ಮೇಲೆ ಮರದಲ್ಲಿ ರೆಕ್ಕೆಯ ಬಡಿತವೂ ಒಂದು ಕೂಗೂ ಕೇಳಿಸಿದವು. ದೀಪ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲವೂ ನಿಶ್ಶಬ್ದವಾಗಿತ್ತು. ಬೆಳಿಗ್ಗೆ ನೋಡಿದರೆ ಮರದಡಿಯಲ್ಲಿ ಕಂದುಬಣ್ಣದ ಗರಿಗಳು ಬಿದ್ದಿದ್ದವು. ಕಾಫಿಯ ಹಣ್ಣಿಗಾಗಿ ತೋಟಕ್ಕೆ ಬರುವ ಕಬ್ಬೆಕ್ಕು ಕೊಂಬೆಯ ಮೇಲಿದ್ದ ಹೇಂಟೆಯನ್ನೂ ಬಿಡಲಿಲ್ಲ. ಶಿಷ್ಯನಿಗೆ ಬೇಸರವೂ ಸಿಟ್ಟೂ ಬಂದಿತು. “ಅಷ್ಟು ಹಣ ಹಾಕಿ ಕಟ್ಟಿಸಿದ ಗೂಡು ಬೇಡವೆಂದರೆ ಇವುಗಳ ಹಣೆಬರಹ. ಇನ್ನೊಂದು ಹೋದರೆ ಉಳಿದುದನ್ನೆಲ್ಲ ಸಂತೆಗೆ ಸಾಗಿಸಿಬಿಡುತ್ತೇನೆ” ಎಂದನು. ಮುದುಕಿಯು ಗರಿಗಳನ್ನು ಆಯ್ದು ಗಿಡದ ಬುಡಕ್ಕೆ ಹಾಕುತ್ತಿದ್ದಳು, ಏನನ್ನೂ ಹೇಳಲಿಲ್ಲ.

ನಾವು ಕೋಳಿಯನ್ನು ಸಾಕಿದವರೂ ಅಲ್ಲ, ತಿನ್ನುವವರೂ ಅಲ್ಲ. ಪುಸ್ತಕದ ಕೋಳಿಯನ್ನು ಮಾತ್ರ ಬಲ್ಲೆವು. ಅಮರಕೋಶದಲ್ಲಿ ಹುಂಜಕ್ಕೆ ತಾಮ್ರಚೂಡನೆಂದೂ ಚರಣಾಯುಧನೆಂದೂ ಹೆಸರುಂಟು. ತಲೆಯಲ್ಲಿ ಕೆಂಪು ಜುಟ್ಟುಳ್ಳದ್ದು, ಕಾಲೇ ಆಯುಧವಾಗುಳ್ಳದ್ದು ಎಂದರ್ಥ. ಚಾಣಕ್ಯನ ಹೆಸರಿನಲ್ಲಿ ನಡೆದುಬಂದಿರುವ ನೀತಿಗ್ರಂಥವು ಕೋಳಿಯಿಂದ ನಾಲ್ಕು ಗುಣಗಳನ್ನು ಕಲಿಯಬೇಕೆನ್ನುತ್ತದೆ: ಹೊತ್ತಿಗೆ ಮುಂಚೆ ಏಳುವುದು, ಹೋರಾಡುವುದು, ಬಂಧುಗಳೊಡನೆ ಹಂಚಿಕೊಳ್ಳುವುದು, ಸ್ವಂತ ದುಡಿಮೆಯಿಂದ ಉಣ್ಣುವುದು. ಮುಂಜಾನೆಯ ಕೋಳಿಯನ್ನು ಎಲ್ಲರೂ ಹೊಗಳಿದ್ದಾರೆ. ಸಂಜೆಯ ಕೋಳಿಯ ವಿಷಯವಾಗಿ ನಾವು ಓದಿದ ಶಾಸ್ತ್ರವೊಂದೂ ನಮ್ಮ ನೆರವಿಗೆ ಬರಲಿಲ್ಲ.

ಮರವನ್ನೇರುವುದು ಕೋಳಿಯ ಹಟವಲ್ಲ, ಹುಟ್ಟುಗುಣ. ಸಾಕುಕೋಳಿಯ ಮೂಲವಂಶವು ಆಗ್ನೇಯ ಏಷ್ಯದಲ್ಲಿಯೂ ನಮ್ಮ ದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿಯೂ ಇರುವ ಕೆಂಪು ಕಾಡುಕೋಳಿಯೆಂದು ವಿದ್ವಾಂಸರು ನಿಶ್ಚಯಿಸಿದ್ದಾರೆ. ಕೊಡಗಿನ ಕಾಡುಗಳಲ್ಲಿ ಕೂಗುವುದು ಬೂದುಬಣ್ಣದ ಬೇರೊಂದು ಜಾತಿ. ಅದರ ರಕ್ತವೂ ಸಾಕುಕೋಳಿಯಲ್ಲಿ ಬೆರೆತಿದೆಯೆಂದೂ, ಅನೇಕ ಕೋಳಿಗಳ ಕಾಲಿನ ಹಳದಿಬಣ್ಣವು ಅದರಿಂದಲೇ ಬಂದುದೆಂದೂ ೨೦೦೮ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಈ ಎರಡು ಜಾತಿಗಳೂ ರಾತ್ರಿಯನ್ನು ಮರದ ಮೇಲೆ ಕಳೆಯುವುವು. ಮಬ್ಬುಗತ್ತಲೆಯಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಆದಕಾರಣ ಬೆಳಕಿರುವಾಗಲೇ ಎತ್ತರವಾದ ಸ್ಥಳವನ್ನು ಹಿಡಿದು, ಬೆಳಗಾಗುವ ತನಕ ಅಲ್ಲಾಡದೆ ಕೂರುವುದೇ ಅದಕ್ಕಿರುವ ರಕ್ಷಣೆ. ಗೂಡು ಅದಕ್ಕೆ ಮರಕ್ಕಿಂತಲೂ ಹಿತವಾಗಿ ಕಂಡರೆ ಮಾತ್ರ ಒಳಗೆ ಬರುತ್ತದೆ.

ಅಂದು ಮಧ್ಯಾಹ್ನ ಊಟದ ವೇಳೆಯಲ್ಲಿ ಇದೇ ಮಾತು ನಡೆಯಿತು. ಶಿಷ್ಯನು ನಗುತ್ತ, “ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?” ಎಂದು ಗಾದೆಯನ್ನು ಹೇಳಿದನು. ಮುದುಕಿಯು ಆಗ ಬಾಯಿ ತೆರೆದಳು: “ಮಸಾಲೆಗೆ ಕೇಳಬೇಡ, ಮಲಗುವುದಕ್ಕಾದರೂ ಕೇಳು. ಅವು ಬಾಗಿಲವರೆಗೆ ಬಂದು ಯಾಕೆ ಹಿಂದಿರುಗುತ್ತವೆಂದು ನೀವು ಯಾರಾದರೂ ಒಳಗೆ ಹೋಗಿ ನೋಡಿದ್ದೀರಾ? ಹಗಲಲ್ಲಿ ಅಲ್ಲ, ರಾತ್ರಿಯಲ್ಲಿ?”

ಆ ರಾತ್ರಿ ಒಂಬತ್ತು ಗಂಟೆಗೆ ಮುದುಕಿ, ಶಿಷ್ಯ, ನಾವು, ಮೂವರೂ ಗೂಡಿಗೆ ಹೋದೆವು. ಆಕೆಯು ಬಿಳಿಯ ಬಟ್ಟೆಯ ತುಂಡೊಂದನ್ನು ತಂದಿದ್ದಳು. ಅದನ್ನು ಬಾಗಿಲಿನ ಹಲಗೆಯ ಸಂದಿಯಲ್ಲಿಯೂ ಪೆಟ್ಟಿಗೆಗಳ ಮೂಲೆಯಲ್ಲಿಯೂ ಒತ್ತಿ ಎಳೆದು, ದೀಪದ ಬೆಳಕಿಗೆ ಹಿಡಿದಳು. ಬಟ್ಟೆಯ ಮೇಲೆ ರಕ್ತದ ಗೀರುಗಳು! ಕಣ್ಣನ್ನು ಹತ್ತಿರಕ್ಕೆ ತಂದು ನೋಡಿದರೆ, ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಕೆಂಪು ನುಸಿಗಳು ಹರಿದಾಡುತ್ತಿದ್ದವು. ಈ ನುಸಿಯು ಹಗಲೆಲ್ಲ ಸಂದಿಗಳಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಟು, ಮಲಗಿದ ಕೋಳಿಯ ರಕ್ತವನ್ನು ಹೀರಿ, ಬೆಳಗಾಗುವುದರೊಳಗೆ ಮರಳಿ ಸಂದಿಯನ್ನು ಸೇರುತ್ತದೆ. ಹಸಿದಿರುವಾಗ ಬೂದುಬಣ್ಣ, ಉಂಡ ಮೇಲೆ ಕೆಂಪು. ಹಗಲಿನಲ್ಲಿ ಗೂಡನ್ನು ನೋಡಿದವನಿಗೆ ಏನೂ ಕಾಣಿಸದು. ಸಂತೆಯಿಂದ ತಂದ ಯಾವುದೋ ಕೋಳಿಯ ಜೊತೆಯಲ್ಲಿಯೇ ಅದೂ ಬಂದಿರಬೇಕು. ಶಿಷ್ಯನು ಬಹಳ ಹೊತ್ತು ಆ ಬಟ್ಟೆಯನ್ನೇ ನೋಡುತ್ತ ನಿಂತನು. ಪ್ರತಿಸಂಜೆಯೂ ಕೋಲಿನಿಂದ ಅಟ್ಟಿ ತಾನು ಅವುಗಳನ್ನು ಎಲ್ಲಿಗೆ ಕಳುಹಿಸುತ್ತಿದ್ದನೆಂಬುದು ಆತನಿಗೆ ಆಗ ತಿಳಿಯಿತು.

ಹಿಂದಿರುಗುವಾಗ ಮುದುಕಿಯು ನಮ್ಮೊಡನೆ ಇನ್ನೊಂದು ಮಾತನ್ನಾಡಿದಳು. ಹೊಸ ಮನೆಗೆ ಬಂದಾಗ ಆಕೆಯೂ ಒಂದು ತಿಂಗಳು ಕೋಣೆಯಲ್ಲಿ ಮಲಗಲಿಲ್ಲವಂತೆ, ಜಗಲಿಯಲ್ಲಿಯೇ ಮಲಗುತ್ತಿದ್ದಳಂತೆ. ಹಟಮಾರಿತನವೆಂದು ಮನೆಯವರು ತಿಳಿದರು. “ಕಾಂಕ್ರೀಟಿನ ಸೂರಿನ ಕೆಳಗೆ ಮಳೆಯ ಸದ್ದು ಕೇಳಿಸುವುದಿಲ್ಲ, ಮೇಷ್ಟ್ರೇ. ಆ ವರ್ಷದ ಮೇಲೆ ಮಳೆ ಎಷ್ಟು ಬರುತ್ತಿದೆಯೆಂದು ಕೇಳದೆ ನನಗೆ ನಿದ್ರೆ ಬಾರದು” ಎಂದಳು. ಕಡೆಗೆ ಮೊಮ್ಮಗಳು ಅದನ್ನರಿತು, ಅಜ್ಜಿಯ ಹಾಸಿಗೆಯನ್ನು ಕಿಟಕಿಯ ಹತ್ತಿರಕ್ಕೆ ಎಳೆಯಿಸಿದಳಂತೆ.

ಮಾರನೆಯ ಬೆಳಿಗ್ಗೆ ಮನೆಯವರೆಲ್ಲರೂ ಗೂಡಿನ ಕೆಲಸಕ್ಕೆ ನಿಂತರು. ಹಾಸಿದ್ದ ಹುಲ್ಲನ್ನೆಲ್ಲ ತೆಗೆದು ಸುಟ್ಟರು. ಪೆಟ್ಟಿಗೆಗಳನ್ನು ಹೊರಗೆ ತಂದು, ಸಂದುಸಂದಿಗೂ ಕುದಿಯುವ ನೀರನ್ನು ಹೊಯ್ದು, ಉಜ್ಜಿ, ಬಿಸಿಲಿಗಿಟ್ಟರು. ಗೋಡೆಗೂ ಬಾಗಿಲಿಗೂ ದಟ್ಟವಾಗಿ ಸುಣ್ಣವನ್ನು ಬಳಿದರು. ಕೋಳಿಗಳು ಹೊರಳಾಡಲೆಂದು ಒಂದು ಮೂಲೆಯಲ್ಲಿ ಒಲೆಯ ಬೂದಿಯನ್ನೂ ಒಣಮಣ್ಣನ್ನೂ ರಾಶಿಹಾಕಿದರು. ಒಂದು ಸಲ ತೊಳೆದರೆ ಸಾಲದೆಂದೂ, ಉಳಿದ ಮೊಟ್ಟೆಗಳು ವಾರದೊಳಗೆ ಮರಿಯಾಗಿ ಬೆಳೆಯುವುವೆಂದೂ, ಆದುದರಿಂದ ಎಂಟನೆಯ ದಿನಕ್ಕೆ ಇದೇ ಕೆಲಸವನ್ನು ಪುನಃ ಮಾಡಬೇಕೆಂದೂ ಮುದುಕಿಯು ಕಟ್ಟಪ್ಪಣೆ ಮಾಡಿದಳು.

ಕೆಲಸ ಮಾಡುತ್ತಿರುವಾಗಲೇ ಇನ್ನೂ ಮೂರು ದೋಷಗಳು ಕಂಡುಬಂದವು. ಮೊದಲನೆಯದು, ಕೂರುವ ಕೊಳವೆ. ಕಬ್ಬಿಣವು ನುಣುಪು, ಕೊಡಗಿನ ಚಳಿಗೆ ಮಂಜಿನಂತೆ ತಣ್ಣಗಾಗುತ್ತದೆ. ಅದನ್ನು ಕಿತ್ತು, ಎರಡು ಅಂಗುಲ ದಪ್ಪದ ಮರದ ಗಳುವನ್ನು, ಚೂಪಾದ ಅಂಚುಗಳನ್ನೆಲ್ಲ ಹೆರೆದು, ನೆಲದಿಂದ ಮೂರು ಅಡಿ ಎತ್ತರದಲ್ಲಿ ಇಟ್ಟರು. ಎರಡನೆಯದು, ಮೊಟ್ಟೆಯ ಪೆಟ್ಟಿಗೆಗಳು ಕೊಳವೆಗಿಂತಲೂ ಮೇಲಿದ್ದವು. ಕೋಳಿಯು ಇದ್ದುದರಲ್ಲಿ ಎತ್ತರವಾದುದನ್ನೇ ಮಲಗಲು ಆರಿಸುವುದು. ಹೀಗಾಗಿ ಪೆಟ್ಟಿಗೆಯಲ್ಲಿಯೇ ಮಲಗಿ ಅದನ್ನು ಹೊಲಸು ಮಾಡುತ್ತಿದ್ದವು. ಮೊಟ್ಟೆಯನ್ನು ಕಾಫಿಯ ಗಿಡದ ಬುಡದಲ್ಲಿಡುತ್ತಿದ್ದವು. ಪೆಟ್ಟಿಗೆಗಳನ್ನು ನೆಲಕ್ಕೆ ಒಂದು ಅಡಿಯಷ್ಟು ಮೇಲೆ ಇಳಿಸಿದರು. ಮೂರನೆಯದು ಬೆಳಕು. ಬಾಗಿಲು ಪೂರ್ವಕ್ಕಿದ್ದುದರಿಂದ, ಹೊರಗೆ ಇನ್ನೂ ಬೆಳಕಿರುವಾಗಲೇ ಗೂಡಿನೊಳಗೆ ಕತ್ತಲೆಯು ಕವಿಯುತ್ತಿತ್ತು. ಕಣ್ಣು ಕಾಣದ ಸ್ಥಳಕ್ಕೆ ಯಾವ ಪ್ರಾಣಿ ತಾನೇ ಹೆಜ್ಜೆಯಿಡುವುದು? ಪಶ್ಚಿಮದ ಗೋಡೆಯಲ್ಲಿ ಕಿಂಡಿಯನ್ನು ತೆಗೆದು ಗಟ್ಟಿಯಾದ ಸಣ್ಣಕಣ್ಣಿನ ಬಲೆಯನ್ನು ಹೊಡೆದರು. ಸಂಜೆಯ ಅರ್ಧ ಗಂಟೆ ಒಳಗೊಂದು ಲಾಂದ್ರವನ್ನು ತೂಗಹಾಕಲು ಮೊಳೆಯನ್ನೂ ಜಡಿದರು.

ಆ ರಾತ್ರಿ ಯಾರೂ ಕೋಲನ್ನು ಹಿಡಿಯಲಿಲ್ಲ. ಕತ್ತಲಾಗುವವರೆಗೆ ಕಾದು, ಕೊಂಬೆಯ ಮೇಲೆ ಕುಳಿತಿದ್ದವುಗಳನ್ನು ಏಣಿ ಹಾಕಿ ಒಂದೊಂದಾಗಿ ಎತ್ತಿ, ಎದೆಗೆ ಒತ್ತಿಕೊಂಡು ತಂದು ಗಳುವಿನ ಮೇಲೆ ಕೂರಿಸಿದರು. ಕತ್ತಲೆಯಲ್ಲಿ ಕೋಳಿಯು ಹೋರಾಡದು. ಅಲ್ಲಿಂದ ಮುಂದೆ ಐದು ದಿನ ಅವುಗಳನ್ನು ಹೊರಗೆ ಬಿಡಲಿಲ್ಲ. ನೀರು ಮೇವುಗಳನ್ನು ಒಳಗೇ ಇಟ್ಟರು. ರಾತ್ರಿಯ ಮನೆ ಇದೇ ಎಂಬುದು ಮನಸ್ಸಿಗೆ ನಾಟಲು ಅಷ್ಟು ದಿನಗಳಾದರೂ ಬೇಕು. ಆರನೆಯ ದಿನ ಸೂರ್ಯಾಸ್ತಕ್ಕೆ ಒಂದು ಗಂಟೆಯಿರುವಾಗ ಬಾಗಿಲನ್ನು ತೆರೆದರು. ದೂರ ಹೋಗಲು ವೇಳೆಯಿರಲಿಲ್ಲ. ಲಾಂದ್ರವನ್ನು ಹಚ್ಚಿ, ಮುದುಕಿಯು ಬಾಗಿಲಲ್ಲಿ ನಿಂತು ಬತ್ತದ ಕಾಳನ್ನು ಒಳಗೆ ಚೆಲ್ಲುತ್ತ ನಾಲಗೆಯಿಂದ ಲೊಟಗುಟ್ಟಿ ಕರೆದಳು. ಹುಂಜವು ಮೊದಲು ಹೊಕ್ಕಿತು; ಅದರ ಹಿಂದೆ ಒಂದೊಂದಾಗಿ ಒಂಬತ್ತು ಹೇಂಟೆಗಳು.

ಹತ್ತನೆಯದು ಮಾತ್ರ ಬರಲಿಲ್ಲ. ಅದು ಬಿಳಿಯ ಚುಕ್ಕೆಗಳುಳ್ಳ ಸಣ್ಣ ಹೇಂಟೆ. ಬಾಗಿಲಿನವರೆಗೆ ಬಂದು ನಿಂತು ಮರಕ್ಕೇ ಹೋಯಿತು. ಅದನ್ನು ಎತ್ತಿ ತಂದರು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ನುಸಿಯಿಲ್ಲ, ಕತ್ತಲೆಯಿಲ್ಲ, ಗಳು ಸರಿಯಾಗಿದೆ. ಇದಕ್ಕೇನು ಬಂದಿತೆಂದು ಶಿಷ್ಯನು ಬೇಸತ್ತನು. “ಇದೊಂದು ದಡ್ಡಕೋಳಿ” ಎಂದನು. ನಾವೂ ಹಾಗೆಂದೇ ತಿಳಿದೆವು.

ಮೊಮ್ಮಗಳು ಮಾತ್ರ ಪಶ್ಚಿಮದ ಕಿಂಡಿಯಲ್ಲಿ ಕಣ್ಣಿಟ್ಟು ಎರಡು ಸಂಜೆ ಕುಳಿತಳು. ಮೂರನೆಯ ಸಂಜೆ ಬಂದು, “ತಾತಾ, ಚುಕ್ಕಿ ಗಳುವಿಗೆ ಹಾರಿದರೆ ದೊಡ್ಡ ಕರಿಕೋಳಿ ತಲೆಗೆ ಕುಕ್ಕಿ ಕೆಳಕ್ಕೆ ಬೀಳಿಸುತ್ತದೆ” ಎಂದು ಹೇಳಿದಳು. ಕೋಳಿಗಳಲ್ಲಿ ಇಂತಹ ಮೇಲುಕೀಳಿನ ಸಾಲು ಒಂದುಂಟೆಂದು ನಾವು ಓದಿದ್ದೆವು. ನಾರ್ವೆ ದೇಶದ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ ಎಂಬುವನು ಬಾಲ್ಯದಿಂದಲೂ ಕೋಳಿಗಳನ್ನು ನೋಡುತ್ತ ಬಂದು, ೧೯೨೦ರ ದಶಕದ ಆರಂಭದಲ್ಲಿ ಇದನ್ನು ಶಾಸ್ತ್ರರೂಪವಾಗಿ ಬರೆದನು. ಮೊದಲನೆಯದು ಎಲ್ಲವನ್ನೂ ಕುಕ್ಕುವುದು; ಎರಡನೆಯದು ಮೊದಲನೆಯದೊಂದನ್ನು ಬಿಟ್ಟು ಮಿಕ್ಕವನ್ನು; ಕಡೆಯದನ್ನು ಎಲ್ಲವೂ ಕುಕ್ಕುವುವು, ಅದು ಯಾವುದನ್ನೂ ಕುಕ್ಕಲಾರದು.

ನಾವು ಅಳತೆಯ ದಾರವನ್ನು ತರಿಸಿ ಗಳುವನ್ನು ಅಳೆದೆವು. ಎಂಟು ಅಡಿ, ಎಂದರೆ ೯೬ ಅಂಗುಲ. ಒಂದು ಕೋಳಿಗೆ ೯ ಅಂಗುಲವಾದರೂ ಬೇಕು, ಹನ್ನೊಂದಕ್ಕೆ ೯೯. ಕೊರತೆಯು ಮೂರೇ ಅಂಗುಲ. ಅದನ್ನು ಹನ್ನೊಂದೂ ಹಂಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೊರತೆಯನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಅದು ಇಡಿಯಾಗಿ ಕಡೆಯದರ ಪಾಲಿಗೆ ಬರುತ್ತದೆ. ಶಿಷ್ಯನು ಕೂಡಲೇ ಎದುರುಗೋಡೆಯ ಮಗ್ಗುಲಲ್ಲಿ, ಅಷ್ಟೇ ಎತ್ತರದಲ್ಲಿ, ಎರಡನೆಯ ಗಳುವನ್ನು ಕಟ್ಟಿದನು.

ಆ ರಾತ್ರಿ ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಮೂವತ್ತು ವರ್ಷಕ್ಕೂ ಹಿಂದೆ ನಾವು ಒಂದು ಊರಿನಲ್ಲಿ ಉಪಾಧ್ಯಾಯರಾಗಿದ್ದಾಗ, ತರಗತಿಯ ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದ ಹುಡುಗನೊಬ್ಬನಿದ್ದನು. ಗಂಟೆ ಹೊಡೆದ ಮೇಲೆ ನೋಡಿದರೆ ಕೆರೆಯ ಬಳಿಯ ಹುಣಿಸೆಯ ಮರದಡಿಯಲ್ಲಿರುತ್ತಿದ್ದನು. ನಾವು ಇಬ್ಬರು ಹುಡುಗರನ್ನು ಅಟ್ಟಿ ಹಿಡಿಸಿ ತರಿಸುತ್ತಿದ್ದೆವು. ಬೆತ್ತದಿಂದ ಹೊಡೆದೆವು, ಒಂದು ಸಲವಲ್ಲ. ಯಾಕೆಂದು ಕೇಳಿದರೆ ಬಾಯಿಬಿಡುತ್ತಿರಲಿಲ್ಲ. ದಸರಾ ರಜೆಯ ಮೇಲೆ ಅವನು ಬರಲೇ ಇಲ್ಲ. ಅವನ ಜೊತೆಯವನೊಬ್ಬನು ಬಹಳ ವರ್ಷಗಳ ಮೇಲೆ ನಮಗೆ ಸಿಕ್ಕಿ, ಮಾತಿನ ನಡುವೆ ಹೇಳಿದನು: ಐವರು ಕೂರುವ ಬೆಂಚಿನಲ್ಲಿ ಆರು ಮಂದಿ ಇದ್ದೆವು, ಅವನು ಕಡೆಯವನು, ಕುಳಿತಾಗಲೆಲ್ಲ ತಳ್ಳಿ ಬೀಳಿಸುತ್ತಿದ್ದೆವು, ಬಿದ್ದರೆ ಎಲ್ಲರೂ ನಗುತ್ತಿದ್ದೆವು ಎಂದು. ಸಂಸ್ಕೃತದ ಶಬ್ದರೂಪಗಳನ್ನು ಆ ತರಗತಿಗೆ ನಾವು ಚೆನ್ನಾಗಿಯೇ ಕಲಿಸಿದೆವು. ಆ ಬೆಂಚಿನ ಅಳತೆಯನ್ನು ಮಾತ್ರ ತೆಗೆಯಲಿಲ್ಲ.

ಎರಡನೆಯ ಗಳುವನ್ನು ಕಟ್ಟಿದ ಮರುಸಂಜೆಯೂ ಚುಕ್ಕಿಯು ಹೊರಗೇ ನಿಂತಿತು. ನೊಂದ ಪ್ರಾಣಿಗೆ ನಂಬಿಕೆಯು ಒಂದೇ ದಿನದಲ್ಲಿ ಬಾರದು. ಅದನ್ನು ಎತ್ತಿ ತಂದು ಹೊಸ ಗಳುವಿನ ಮೇಲೆಯೇ ಕೂರಿಸಿದರು. ನಾವು ಹೊರಡುವ ಹಿಂದಿನ ದಿನ, ಲಾಂದ್ರವು ಹತ್ತಿದ ಮೇಲೆ ಎಲ್ಲರೂ ಜಗಲಿಯಲ್ಲಿ ಮಾತಿಲ್ಲದೆ ಕುಳಿತಿದ್ದೆವು. ಹುಂಜವೂ ಒಂಬತ್ತು ಹೇಂಟೆಗಳೂ ಒಳಸೇರಿದವು. ಚುಕ್ಕಿಯು ಬಾಗಿಲಲ್ಲಿ ನಿಂತು ಕತ್ತನ್ನು ಚಾಚಿ ಒಳಗೆ ನೋಡಿತು, ಹಲಸಿನ ಮರದ ಕಡೆಗೂ ಒಮ್ಮೆ ತಿರುಗಿ ನೋಡಿತು, ಬಳಿಕ ತಾನೇ ಹೊಸ್ತಿಲನ್ನು ದಾಟಿತು. ಮೊಮ್ಮಗಳು ಕಿಂಡಿಯಿಂದ ಇಣಿಕಿ ಬೆರಳು ಮಡಿಸುತ್ತ ಹನ್ನೊಂದರವರೆಗೆ ಎಣಿಸಿದಳು. ಮುದುಕಿಯು ಎದ್ದುಹೋಗಿ ಬಾಗಿಲನ್ನು ಮುಚ್ಚಿ ಅಗುಳಿಯನ್ನು ಹಾಕಿದಳು.

ಬೆಳಿಗ್ಗೆ ನಾವು ಬಸ್ಸಿಗೆ ಹೊರಟಾಗ ಶಿಷ್ಯನು ಕಿತ್ತಳೆಹಣ್ಣಿನ ಗಂಟನ್ನು ನಮ್ಮ ಕೈಗೆ ಕೊಟ್ಟನು. ಸಂತೆಯ ಮಾತನ್ನು ಆತನು ಮತ್ತೆ ಎತ್ತಲಿಲ್ಲ. ಮನೆಯಲ್ಲಿ ಕೋಳಿಯಿರುವ ವಾಚಕರು, ಅದು ಗೂಡಿಗೆ ಬಾರದಿದ್ದರೆ, ಕೋಲನ್ನು ಹುಡುಕುವುದಕ್ಕೆ ಮೊದಲು ಒಂದು ರಾತ್ರಿ ದೀಪವನ್ನೂ ಬಿಳಿಯ ಬಟ್ಟೆಯನ್ನೂ ಅಳತೆಯ ದಾರವನ್ನೂ ತೆಗೆದುಕೊಂಡು ಗೂಡಿನೊಳಗೆ ಹೋಗಿ ನೋಡಲಿ. ಕೋಳಿಯಿಲ್ಲದ ಮನೆಗಳಲ್ಲಿಯೂ ಮಕ್ಕಳಿರುತ್ತಾರೆ, ಮುದುಕರಿರುತ್ತಾರೆ. ಅವರಿಗೆ ಹೇಳಬೇಕಾದುದನ್ನು ನಾವು ಬೇರೆಯಾಗಿ ಬರೆಯಬೇಕಾಗಿಲ್ಲ.